ಓಡಿಸಬಾರದವನು

ಸಲ್ವಾನ್‌ನ ವಿಮೆ ಅಂಗಡಿ ಗ್ರ್ಯಾಷಿಯಟ್ ರಸ್ತೆಯಲ್ಲಿ, ಕರಿದ ಕೋಳಿ ಮಾರುವ ಅಂಗಡಿಗೆ ಅಂಟಿಕೊಂಡಿತ್ತು. ಒಳಗೆ ಕೂತವರ ಬಟ್ಟೆಗೆಲ್ಲ ಎಣ್ಣೆಯ ವಾಸನೆ ಹತ್ತುತ್ತಿತ್ತು. ವರ್ಲೀನ್ ಕೋಟು ಬಿಚ್ಚದೆ ಕೂತಿದ್ದಳು. ಪಕ್ಕದಲ್ಲಿ ಅವಳ ಅಪ್ಪ ಓಜೆಲ್, ಊರುಗೋಲಿನ ಮೇಲೆ ಎರಡೂ ಕೈ, ಕೈ ಮೇಲೆ ಗದ್ದ.

"ಕಂತು ಡಬಲ್ಲಾ?" ವರ್ಲೀನ್ ಕೇಳಿದಳು. "ಗಾಡಿ ಅದೇ. ಬೀದಿ ಅದೇ. ನಾನೇನು ರೇಸಿಗೆ ಹೋಗ್ತಿದೀನಾ?"

"ಮನೇಲಿ ಯಾರ್ಯಾರಿದ್ದಾರೆ ಅಂತ ಕಂಪನಿ ನೋಡುತ್ತೆ ಮೇಡಂ. ಅಪ್ಪಾವ್ರಿಂದ ತೊಂದರೆ ಇಲ್ಲ. ಮಗಳು ಸ್ವಲ್ಪ ಚಿಕ್ಕೋಳು, ಪರವಾಗಿಲ್ಲ. ನಿಮ್ಮ ಮಗ ರೆನಾರ್ಡ್ ಇದಾನಲ್ಲ, ಎರಡು ಸಲ ಸ್ಪೀಡ್ ಟಿಕೆಟ್ಟು, ಮೇಲೆ ಒಂದು ಗುದ್ದಿದ ಕೇಸು."

"ಅವನು ಗುದ್ದಿದ್ದು ಕಸದ ಡಬ್ಬಿಗೆ."

"ಆ ಡಬ್ಬಿ ಹೋಗಿ ಒಂದು ಲೆಕ್ಸಸ್ ಕಾರಿಗೆ ಗುದ್ದಿತ್ತು."

ಓಜೆಲ್ ಮೂಗಿನಲ್ಲೇ ನಕ್ಕ. ವರ್ಲೀನ್ ನಗಲಿಲ್ಲ. ವಿಮೆ ಇಲ್ಲದೆ ಗಾಡಿ ತೆಗೆದರೆ ಮಿಶಿಗನ್ನಿನಲ್ಲಿ ದಂಡ. ಅವಳ ಬೀದಿಯಲ್ಲಿ ಅರ್ಧ ಜನ ತೆಗೆಯುತ್ತಿದ್ದರು. ವಾರದ ವಿಮೆ ಕೊಂಡು ನಂಬರ್ ಪ್ಲೇಟಿನ ಚೀಟಿ ಹೊಸದು ಮಾಡಿಸಿಕೊಂಡು, ಮಿಕ್ಕ ವರ್ಷವೆಲ್ಲ ದೇವರ ಮೇಲೆ ಭಾರ ಹಾಕಿ ಓಡಾಡುವವರು. ವರ್ಲೀನ್ ವೃದ್ಧಾಶ್ರಮದಲ್ಲಿ ಮುದುಕರನ್ನು ಎತ್ತಿ ಇಳಿಸುವ ಕೆಲಸದವಳು. ಗಾಡಿಯಲ್ಲಿ ಗುದ್ದಿಸಿಕೊಂಡು ಬಂದು ಹಾಸಿಗೆ ಹಿಡಿದವರು ಎಂಥವರಾಗುತ್ತಾರೆ ಎಂದು ದಿನಾ ನೋಡುತ್ತಿದ್ದಳು. ದೇವರ ಮೇಲೆ ಭಾರ ಹಾಕಲು ಅವಳಿಗೆ ಧೈರ್ಯವಿರಲಿಲ್ಲ.

ಸಲ್ವಾನ್ ಬಾಗಿಲ ಕಡೆ ನೋಡಿ ದನಿ ಇಳಿಸಿದ. "ನಿಮ್ಮ ತಂಗಿ ವಾರನ್‌ನಲ್ಲಿದಾರಂತಲ್ಲ. ಎಂಟನೇ ಮೈಲಿ ರಸ್ತೆ ದಾಟಿದರೆ ನಮ್ಮೂರ ಗಡಿ ಮುಗೀತು, ಬೆಲೆ ಅರ್ಧ. ಗಾಡಿ ಅವರ ಮನೆ ಮುಂದೆ ನಿಲ್ಲುತ್ತೆ ಅಂತ ಬರೆದರೆ... ನಾನೇನೂ ಹೇಳ್ಲಿಲ್ಲ."

"ನಾನು ಇರೋದು ಆಸ್ಟರ್ ಬೀದೀಲಿ," ಓಜೆಲ್ ಎಂದ. "ಎಡಗಡೆ ಮನೆ ಸುಟ್ಟುಹೋಯ್ತು, ನಾನಿದ್ದೆ. ಬಲಗಡೆ ಮನೆ ಕೆಡವಿ ಹಾಕಿದ್ರು, ನಾನಿದ್ದೆ. ಈಗ ಮೇವಿಸ್‌ಳ ಗ್ಯಾರೇಜಲ್ಲಿದೀನಿ ಅಂತ ಬರೀಬೇಕಾ?"

"ಅಪ್ಪ, ಗಾಡಿ ವಿಷಯ ಅದು. ನಿನ್ನ ವಿಷಯ ಅಲ್ಲ."

"ಸುಳ್ಳು ಬರೆಸೋದಾದ್ರೆ ನನ್ನನ್ನ ಮನೆಗೆ ಬಿಟ್ಟು ಬಂದು ಬರೆಸು."

ಇನ್ನುಳಿದದ್ದು ಒಂದೇ ದಾರಿ. ರೆನಾರ್ಡ್‌ನ ಹೆಸರನ್ನು 'ಓಡಿಸಬಾರದವನು' ಎಂದು ಬರೆದು ವಿಮೆಯಿಂದ ಹೊರಗಿಡುವುದು. ಸಲ್ವಾನ್ ಕಾಗದವನ್ನು ಅವಳ ಕಡೆ ತಿರುಗಿಸಿ, ದಪ್ಪಕ್ಷರದ ಸಾಲಿನ ಮೇಲೆ ಬೆರಳಿಟ್ಟ.

"ಇದನ್ನ ಓದಿ ಹೇಳಲೇಬೇಕು ನಾನು. ಅವನು ಸ್ಟೀರಿಂಗ್ ಹಿಡಿದ್ರೆ ಈ ಗಾಡಿಗೆ ವಿಮೆ ಇಲ್ಲದ ಹಾಗೆ. ಅವನಿಗೆ ಏಟು ಬಿದ್ರೆ ಒಂದು ಸೆಂಟೂ ಬರಲ್ಲ. ತಪ್ಪು ಎದುರಿನವನದಾದ್ರೂ ಬರಲ್ಲ."

"ಪಕ್ಕದ ಸೀಟಲ್ಲಿ ಕೂತಿದ್ರೆ?"

"ಕೂತಿದ್ರೆ ಬರುತ್ತೆ. ಆಸ್ಪತ್ರೆ, ಆಪರೇಷನ್ನು, ಸಂಬಳ ಕೂಡ. ಕೂತ್ಕೊಳ್ಳೋಕೆ ಅಡ್ಡಿಯಿಲ್ಲ ಮೇಡಂ. ಓಡಿಸ್ಬಾರ್ದು ಅಷ್ಟೇ."

ಅವಳು ಸಹಿ ಹಾಕಿದಳು.

ಅವತ್ತಿನ ಊಟಕ್ಕೆ ಹೊಗೆ ಹಿಡಿಸಿದ ಟರ್ಕಿ ಕತ್ತು ಹಾಕಿ ಬೇಯಿಸಿದ ಸೊಪ್ಪು, ಮೆಕ್ಕೆಜೋಳದ ಬ್ರೆಡ್ಡು. ಓಜೆಲ್‌ನ ಸೊಪ್ಪನ್ನು ಬೇರೆ ಪಾತ್ರೆಯಲ್ಲಿ ನೀರು ಬಸಿದು, ಉಪ್ಪಿಲ್ಲದೆ ಮಾಡಬೇಕಿತ್ತು. ಅವನ ಮೂತ್ರಪಿಂಡ ಕೆಟ್ಟು ವಾರಕ್ಕೆ ಮೂರು ದಿನ ಡಯಾಲಿಸಿಸ್ ಆಗುತ್ತಿತ್ತು. ಸಹಿ ಹಾಕಿದ ಸುದ್ದಿಯನ್ನು ವರ್ಲೀನ್ ಬಡಿಸುತ್ತಲೇ ಹೇಳಿದಳು, ಯಾರ ಮುಖವನ್ನೂ ನೋಡದೆ.

ರೆನಾರ್ಡ್ ಚಮಚ ಕೆಳಗಿಟ್ಟ. ಇಪ್ಪತ್ತನಾಲ್ಕು ವರ್ಷ, ಆಳೆತ್ತರಕ್ಕಿಂತ ಒಂದು ಗೇಣು ಹೆಚ್ಚು. ವಿಮಾನ ನಿಲ್ದಾಣದ ಹತ್ತಿರದ ಗೋದಾಮಿನಲ್ಲಿ ಏಜೆನ್ಸಿ ಮೂಲಕ ಪೆಟ್ಟಿಗೆ ಎತ್ತುವ ಕೆಲಸ.

"ನಾನು ಈ ಮನೇಲಿ ಇರೋನಲ್ವಾ?"

"ಮನೇಲಿರು. ಯಾರು ಬೇಡ ಅಂದ್ರು? ಗಾಡಿ ಮುಟ್ಬೇಡ."

"ರಾಮುಲಸ್‌ನ ಗೋದಾಮಿಗೆ ಬಸ್ಸಲ್ಲಿ ಹೋಗೋದು ಅಂದ್ರೇನು ಗೊತ್ತಾಮ್ಮ? ಎರಡು ಬಸ್ಸು, ಆಮೇಲೆ ನಡಿಗೆ. ಫುಟ್‌ಪಾತೇ ಇಲ್ಲ ಅಲ್ಲಿ."

"ನಾನು ನಿನ್ನ ವಯಸ್ಸಲ್ಲಿ ಹಿಮದಲ್ಲಿ ನಡ್ಕೊಂಡು ಪ್ಲಾಂಟಿಗೆ ಹೋಗ್ತಿದ್ದೆ," ಓಜೆಲ್ ಎಂದ.

"ಅಜ್ಜ, ನಿನ್ನ ಕಣ್ಣಿಗೆ ಎದುರುಗಡೆ ಚರ್ಚು ಕಾಣಲ್ಲ. ನಿನ್ನ ಹೆಸರು ಆ ಕಾಗದದಲ್ಲಿದೆ. ನನ್ನದಿಲ್ಲ."

"ನಾನು ಯಾರಿಗೂ ಗುದ್ದಿಲ್ಲ."

"ಚರ್ಚೇ ಕಾಣದಿದ್ರೆ, ಗುದ್ದಿದ್ದು ಹೇಗೆ ಕಾಣುತ್ತೆ ನಿಂಗೆ?"

ಡೆಲ್ಫಿನ್ ಬಾಯಲ್ಲಿದ್ದದ್ದು ಹೊರಬರುವ ಹಾಗೆ ನಕ್ಕಳು. ಅವಳು ಕಿರಿಯವಳು. ನರ್ಸಿಂಗ್ ತರಬೇತಿ ಆಗಷ್ಟೇ ಸೇರಿದ್ದಳು. "ನಾನು ಬಿಡ್ತೀನಿ ಬಿಡೋ ಅಣ್ಣ. ಪೆಟ್ರೋಲ್ ದುಡ್ಡು ಕೊಡು, ಹಿಂದಿನ ಸೀಟಲ್ಲಿ ಬಾಯ್ಮುಚ್ಕೊಂಡು ಕೂತ್ಕೊ."

ರೆನಾರ್ಡ್ ತಟ್ಟೆ ಎತ್ತಿಕೊಂಡು ಮಹಡಿಗೆ ಹೋದ. ಆಮೇಲೆ ಅವನು ಕೆಳಗೆ ಕೂತು ಉಣ್ಣಲಿಲ್ಲ. ತಟ್ಟೆ ಮೆಟ್ಟಿಲ ಮೇಲೆ ಇರುತ್ತಿತ್ತು, ಖಾಲಿ. ತೊಳೆಯುವುದು ವರ್ಲೀನ್.

ಜನವರಿಯಲ್ಲಿ ಹಿಮ ಬಿತ್ತು. ಆ ಮನೆಯಲ್ಲಿ ಹಿಮ ಬಗೆಯುವುದು ಯಾವಾಗಲೂ ರೆನಾರ್ಡ್‌ನ ಕೆಲಸ. ಅವನು ಮೆಟ್ಟಿಲು ಬಗೆದ, ಕಾಲುದಾರಿ ಬಗೆದ, ಪಕ್ಕದ ಖಾಲಿ ಜಾಗದಾಚೆಯ ಮನೆ ಮುದುಕಿಯ ಮುಂಬಾಗಿಲೂ ಬಗೆದ. ಬೂದು ಬಣ್ಣದ ಗಾಡಿಯ ಸುತ್ತ ಗೆರೆ ಎಳೆದ ಹಾಗೆ ನಿಲ್ಲಿಸಿದ. ಗಾಡಿಯ ಮೇಲೆ ಮೊಣಕಾಲುದ್ದ ಹಿಮ ಹಾಗೇ ಕೂತಿತ್ತು.

"ಅದನ್ನೂ ಬಗಿಯೋ," ವರ್ಲೀನ್ ಬಾಗಿಲಲ್ಲಿ ನಿಂತು ಕೂಗಿದಳು. "ನಂಗೆ ಕೆಲಸಕ್ಕೆ ಹೊತ್ತಾಯ್ತು."

"ಮುಟ್ಬಾರ್ದು ಅಂತ ಬರ್ಕೊಟ್ಟಿದೀಯಲ್ಲ."

"ಬರ್ಕೊಟ್ಟಿದ್ದು ಓಡಿಸ್ಬಾರ್ದು ಅಂತ. ಬಗೀಬಾರ್ದು ಅಂತ ಅಲ್ಲ."

"ಸಲ್ವಾನ್‌ನ ಕೇಳ್ಕೊಂಡು ಬಾ ಹೋಗು."

ಅವಳು ಅಡುಗೆಮನೆಯ ಪೊರಕೆ ತಂದು ತಾನೇ ಗುಡಿಸಿದಳು. ಅವನು ಸಲಿಕೆ ಊರಿಕೊಂಡು ನೋಡುತ್ತ ನಿಂತಿದ್ದ. ಬೀದಿಯಲ್ಲಿ ಹೋಗುತ್ತಿದ್ದವರೂ ನೋಡಿದರು.

ಬಸ್ಸು ತಪ್ಪಿ ಅವನು ಗೋದಾಮಿಗೆ ತಡವಾಗಿ ಹೋದ. ಮತ್ತೆ ತಡವಾಗಿ ಹೋದ. ಏಜೆನ್ಸಿಯವರು ಇನ್ನೊಂದು ಸಲ ಅಂದರೆ ಬರಬೇಡ ಎಂದರು. ಕಂಪನಿ ಖಾಯಂ ಮಾಡಿಕೊಂಡರೆ ಆರೋಗ್ಯ ವಿಮೆ ಕೊಡುತ್ತದೆ ಎಂದು ಕಾಯುತ್ತಿದ್ದವನು. ಆ ಮಾತನ್ನು ಮನೆಯಲ್ಲಿ ಹೇಳುವುದನ್ನೂ ಬಿಟ್ಟ.

ಡಯಾಲಿಸಿಸ್ ದಿನಗಳಲ್ಲಿ ವರ್ಲೀನ್ ಜೊತೆಯವಳ ಗಾಡಿಯಲ್ಲಿ ಕೆಲಸಕ್ಕೆ ಹೋಗಿ, ತನ್ನದನ್ನು ಡೆಲ್ಫಿನ್‌ಗೆ ಬಿಡುತ್ತಿದ್ದಳು. ಅಜ್ಜನನ್ನು ಕರೆದುಕೊಂಡು ಹೋಗಿ ತರುವುದು ಡೆಲ್ಫಿನ್. ಆಸ್ಪತ್ರೆಯ ವ್ಯಾನು ಬರಬೇಕಿತ್ತು, ನಿಜ. ಬಂದರೆ ಬಂತು.

ಆ ವಾರ ಹಿಮದಿಂದಾಗಿ ಒಂದು ಸರದಿ ತಪ್ಪಿತ್ತು. ಓಜೆಲ್‌ನ ಪಾದಗಳು ಊದಿ ಚಪ್ಪಲಿಗೆ ಹಿಡಿಸುತ್ತಿರಲಿಲ್ಲ. ಕೂತಲ್ಲೇ ಏದುಸಿರು. ವ್ಯಾನು ಬರಲಿಲ್ಲ. ಡೆಲ್ಫಿನ್‌ಗೆ ವಾರ್ಡಿನ ತರಬೇತಿ, ಫೋನು ಒಳಗೆ ಬಿಡುವುದಿಲ್ಲ. ಮನೆಯಲ್ಲಿದ್ದವನು ರೆನಾರ್ಡ್. ಅವನು ವೃದ್ಧಾಶ್ರಮಕ್ಕೆ ಫೋನು ಮಾಡಿದ.

"ನಾನು ಬರೋಕಾಗಲ್ಲ ಮಗಾ," ವರ್ಲೀನ್ ಅಂದಳು. "ಬದಲಿಗೆ ಬರ್ಬೇಕಾದೋಳು ಬಂದಿಲ್ಲ. ಇವರನ್ನೆಲ್ಲ ಬಿಟ್ಟು ಬಂದ್ರೆ ಕೆಲ್ಸ ಹೋಗುತ್ತೆ. ಆಂಬುಲೆನ್ಸ್ ಕರಿ."

ಹಿಂದಿನಿಂದ ಓಜೆಲ್‌ನ ದನಿ. "ಆಂಬುಲೆನ್ಸ್ ಬೇಡ! ಎಮರ್ಜೆನ್ಸೀಲಿ ಕೂರಿಸಿ ಮರ್ತುಬಿಡ್ತಾರೆ. ಹೋದ ಸಲ ಮಾರನೇ ದಿನ ಬೆಳಗಾದ್ರೂ ಮಿಷಿನ್ನಿಗೆ ಹಾಕ್ಲಿಲ್ಲ."

"ಕೇಳಿಸ್ತಾ?" ರೆನಾರ್ಡ್ ಕೇಳಿದ. "ಕೀಲಿ ಇಲ್ಲೇ ನೇತಾಡ್ತಿದೆ ಅಮ್ಮ. ಏನ್ ಮಾಡ್ಲಿ ಹೇಳು. ನೀನೇ ಬಾಯ್ಬಿಟ್ಟು ಹೇಳು."

ವರ್ಲೀನ್‌ಳ ಮುಂದೆ ಒಬ್ಬಳು ಮುದುಕಿ ಅರ್ಧ ಉಡಿಸಿದ ಬಟ್ಟೆಯಲ್ಲಿ ಕೂತು ನಡುಗುತ್ತಿದ್ದಳು.

"ಓಡ್ಸು," ಅಂದಳು. "ಹುಷಾರಾಗಿ ಓಡ್ಸು."

ಅವನು ಹುಷಾರಾಗಿಯೇ ಓಡಿಸಿದ. ಡಯಾಲಿಸಿಸ್ ಮುಗಿಯುವವರೆಗೆ ಅಜ್ಜನ ಪಕ್ಕ ಕೂತು ಟೀವಿ ನೋಡಿದ, ಅವನ ಕಾಲಿಗೆ ಕಂಬಳಿ ಹೊದಿಸಿದ. ವಾಪಸ್ ಬರುವಾಗ ಮುದುಕ ಹಗುರಾಗಿ, ಹಸಿದಿದ್ದರೂ ತಮಾಷೆಗೆ ಇಳಿದಿದ್ದ. "ಅಜ್ಜಿಯಂಗೆ ಓಡಿಸ್ತೀಯಲ್ಲೋ. ಇದಕ್ಕಾ ಅವರು ಡಬಲ್ ಕೇಳಿದ್ದು?" ಹಸಿರು ದೀಪ ಬಿದ್ದ ಮೇಲೂ ರೆನಾರ್ಡ್ ಎಡಕ್ಕೊಮ್ಮೆ ನೋಡಿ ಗಾಡಿ ಬಿಟ್ಟ. ನಡುರಸ್ತೆಗೆ ಬಂದಿದ್ದರಷ್ಟೆ. ಪ್ಲೇಟಿಲ್ಲದ ಪಿಕಪ್ ಒಂದು ಕೆಂಪು ದೀಪ ಹಾರಿ ಬಂದು ಸೀದಾ ಎಡಗಡೆ, ಓಡಿಸುತ್ತಿದ್ದ ಅವನ ಬಾಗಿಲಿಗೆ ಹೊಡೆಯಿತು. ಹಿಂದಕ್ಕೆ ಸರಿಯಿತು. ಸುತ್ತಿಕೊಂಡು ಹೋಗೇಬಿಟ್ಟಿತು.

ಎದುರಿನ ಕಾರು ತೊಳೆಯುವ ಅಂಗಡಿಯ ಹುಡುಗರು ಇಬ್ಬರನ್ನೂ ಬಲಗಡೆಯ ಬಾಗಿಲಿಂದ ಎಳೆದು ಹಾಕಿ, ಪೊಲೀಸರಿಗೂ ಆಂಬುಲೆನ್ಸಿಗೂ ಫೋನು ಮಾಡಿ, ಚಳಿಗೆ ಒಳಗೆ ಹೋದರು. ಎರಡೂ ಬರುವುದು ತಡವಾಯಿತು. ಓಜೆಲ್‌ಗೆ ತರಚಿದ್ದೂ ಇರಲಿಲ್ಲ. ರೆನಾರ್ಡ್‌ನ ಎಡ ತೊಡೆ ಇರಬಾರದ ಕಡೆಗೆ ತಿರುಗಿತ್ತು. ಮುದುಕ ಹಿಮದಲ್ಲಿ ಕೂತು ಮೊಮ್ಮಗನ ತಲೆಯನ್ನು ಮಡಿಲಿಗೆ ಎಳೆದುಕೊಂಡ.

"ಕೇಳಿಸ್ಕೊ. ಓಡಿಸಿದ್ದು ನಾನು."

ರೆನಾರ್ಡ್ ಹಲ್ಲು ಕಚ್ಚಿ ನರಳುತ್ತಿದ್ದ.

"ನೀನು ಪಕ್ಕದಲ್ಲಿದ್ದೆ. ಓಡಿಸಿದ್ದು ನಾನು. ಹೇಳು."

"ನೀನು," ರೆನಾರ್ಡ್ ಅಂದ.

ಪೊಲೀಸ್ ಬಂದವನು ಚಳಿಗೆ ಕೈ ಉಜ್ಜಿಕೊಳ್ಳುತ್ತ, ಮುದುಕ ಹೇಳಿದ್ದನ್ನು ತಲೆಯೆತ್ತದೆ ಬರೆದುಕೊಂಡ.

ತೊಡೆಗೆ ಕಂಬಿ ಹಾಕಿದರು. ಮೊಣಕಾಲಿಗೆ ಇನ್ನೊಂದು ಆಪರೇಷನ್ ಆಗಬೇಕು, ಅಲ್ಲಿಯವರೆಗೆ ದಿನಾ ಮಡಚಿ ಬಿಡಿಸುತ್ತಿರಬೇಕು, ಇಲ್ಲದಿದ್ದರೆ ಗೂಟದ ಹಾಗೆ ನಿಂತುಬಿಡುತ್ತದೆ ಎಂದರು. ಎಲ್ಲದಕ್ಕೂ ಗಾಡಿ ವಿಮೆಯ ಒಪ್ಪಿಗೆ ಬರಬೇಕಿತ್ತು. ರೆನಾರ್ಡ್‌ನ ಮಂಚವನ್ನು ಮುಂದಿನ ಕೋಣೆಗೆ ಇಳಿಸಿದರು. ವ್ಯಾಯಾಮ ಮಾಡಿಸಲು ಒಬ್ಬಳು ಬರತೊಡಗಿದಳು, ಗಟ್ಟಿ ತೋಳಿನ, ಹಾಡು ಗುನುಗುವ ಹೆಂಗಸು. ಅವಳು ಬಂದ ದಿನ ಮನೆಯವರೆಲ್ಲ ಅಡುಗೆಮನೆ ಸೇರಿ ನಲ್ಲಿ ಜೋರಾಗಿ ಬಿಟ್ಟುಕೊಳ್ಳುತ್ತಿದ್ದರು, ಅವನ ಕೂಗು ಕೇಳಿಸದಿರಲೆಂದು.

ಊಟದ ಮೇಜಿನಲ್ಲಿ ಓಜೆಲ್ ಪಾಠ ಹೇಳಿಸುತ್ತಿದ್ದ.

"ಡೆಲ್ಫಿನ್, ಅವತ್ತು ಕೀಲಿ ಯಾರ ಹತ್ರ ಇತ್ತು?"

"ನಿನ್ನ ಹತ್ರ ಅಜ್ಜ. ಉಪ್ಪು ಈ ಕಡೆ ಕೊಡು. ನೀನು ಹಾಕ್ಕೋಬೇಡ."

"ನಾನು ಗಾಡಿ ಓಡಿಸ್ತೀನಾ?"

"ಆಗಾಗ." ಅವಳು ಚಮಚ ಆಡಿಸುತ್ತ ಅಂದಳು. "ಮೇವಿಸ್ ಚಿಕ್ಕಮ್ಮನ ವಿಳಾಸ ಬರೀ ಅಂದ್ರೆ ಊರುಗೋಲು ಎತ್ತಿದೆ. ಅವತ್ತು ಆ ಒಂದು ಸುಳ್ಳು ಹೇಳಿದ್ರೆ ಇವತ್ತು ಇದು ಬೇಕಾಗ್ತಿರ್ಲಿಲ್ಲ."

"ಅದು ದುಡ್ಡಿನ ಸುಳ್ಳು. ಇದು ಹುಡುಗನ ಕಾಲು."

"ಸಾಕು ಮಾಡ್ರಪ್ಪ," ವರ್ಲೀನ್ ಅಂದಳು. ಅವಳು ನಿಂತೇ ಉಣ್ಣುತ್ತಿದ್ದಳು. "ಕಂಪನಿಯವರೇನು ಪೆದ್ದರಾ?"

"ನಿಂಗೆ ಬೇರೆ ದಾರಿ ಕಾಣುತ್ತಾ?"

ಮುಂದಿನ ಕೋಣೆಯಿಂದ ರೆನಾರ್ಡ್ ಕೂಗಿದ. "ಅಜ್ಜ ಹೇಳ್ಕೊಟ್ಟಂಗೆ ಹೇಳಮ್ಮ. ಒಂದ್ಸಲ ನನ್ನ ಕಡೆ ನಿಂತ್ಕೊ."

ವಿಮೆ ಕಂಪನಿಯ ತನಿಖೆಯವಳು ಬಂದದ್ದು ಮಾರ್ಚ್ ತಿಂಗಳ ಒಂದು ಮಧ್ಯಾಹ್ನ. ಮಿಸ್ ಟ್ಯಾಲ್ಬಟ್ ಅಂತ ಹೆಸರು. ವರ್ಲೀನ್‌ಳ ವಯಸ್ಸಿನವಳೇ. ಬೂಟು ಬಾಗಿಲಲ್ಲಿ ಬಿಚ್ಚಿಟ್ಟು ಬಂದಳು. ಕೊಟ್ಟ ಕಾಫಿ ಕುಡಿದಳು, ನಿಂಬೆ ಕೇಕು ಚೆನ್ನಾಗಿದೆ ಎಂದಳು. ರೆನಾರ್ಡ್‌ನ ಮಂಚದ ಪಕ್ಕ ಮಡಿಸುವ ಮೇಜು ಹಾಕಿಸಿಕೊಂಡು, ಅದರ ಮೇಲೆ ಧ್ವನಿ ಹಿಡಿಯುವ ಯಂತ್ರ ಇಟ್ಟಳು.

ಓಜೆಲ್ ಚರ್ಚಿಗೆ ಹೋಗುವ ಅಂಗಿ ಹಾಕಿ ಕೂತಿದ್ದ. ಎಲ್ಲ ಹೇಳಿದ. ಡಯಾಲಿಸಿಸ್, ಹಸಿರು ದೀಪ, ಪಿಕಪ್. ಎಲ್ಲೂ ಎಡವಲಿಲ್ಲ.

ಅವಳು ಒಂದು ಫೋಟೊ ಮೇಜಿನ ಮೇಲಿಟ್ಟಳು. ಓಡಿಸುವವನ ಕಡೆಯ ಬಾಗಿಲು ಸೀಟಿನ ನಡುವಿಗೆ ಬಂದು ಕೂತಿತ್ತು.

"ನೀವು ಕೂತಿದ್ದು ಇಲ್ಲಾ ಸರ್?"

"ಹೌದು."

"ನಿಮಗೇನೂ ಆಗ್ಲಿಲ್ಲ."

"ದೇವರು ದೊಡ್ಡೋನು."

"ಆ ಕಡೆ ಕೂತಿದ್ದ ಮೊಮ್ಮಗನ ಎಡ ತೊಡೆ ಮುರೀತು."

"ದೇವರ ಲೆಕ್ಕ ನಾನು ಕೇಳಲ್ಲಮ್ಮ."

ಮಿಸ್ ಟ್ಯಾಲ್ಬಟ್ ನಗು ಬಂದರೂ ನಗಲಿಲ್ಲ. ಯಂತ್ರವನ್ನು ನಿಲ್ಲಿಸಿದಳು. "ನೋಡಿ, ಕಾರು ತೊಳೆಯೋ ಹುಡುಗರನ್ನ ನಾನಿನ್ನೂ ಕೇಳಿಲ್ಲ. ನಾಳೆ ಕೇಳ್ತೀನಿ. ಈಗ ಹೇಳಿದ್ದಕ್ಕೆ ಇವರು ಸಹಿ ಹಾಕ್ಬೇಕು. ಹಾಕಿದ ಮೇಲೆ ಇದು ನನ್ನ ಕೈಲಿರಲ್ಲ. ಸುಳ್ಳು ಅಂತ ಕಂಡ್ರೆ ಸರ್ಕಾರಿ ವಕೀಲರ ಹತ್ರ ಹೋಗುತ್ತೆ. ಈಗಲೇ ಬೇರೆ ಥರ ಹೇಳಿದ್ರೆ, ಕ್ಲೇಮು ಕೊಡಲ್ಲ ಅಂತಾರೆ. ಅಲ್ಲಿಗೆ ಮುಗೀತು."

"ವಕೀಲರ ಹತ್ರ ಹೋದ್ರೆ?" ವರ್ಲೀನ್ ಕೇಳಿದಳು. "ಜೈಲಾ?"

"ಆಗ್ಬಹುದು."

"ಅಲ್ಲಿ ಡಯಾಲಿಸಿಸ್ ಮಾಡ್ತಾರಾ?"

ಮಿಸ್ ಟ್ಯಾಲ್ಬಟ್ ಹೇಳಿಕೆಯ ಕಾಗದ ತೆಗೆದು ಮೇಜಿನ ಮೇಲಿಟ್ಟಳು.

"ಪೆನ್ನು ಕೊಡಮ್ಮ," ಓಜೆಲ್ ಅಂದ. "ನಂಗೆ ಎಪ್ಪತ್ತೊಂಬತ್ತು. ಮಿಷಿನ್ನು ನಿಲ್ಲಿಸಿದ್ರೆ ನಿಲ್ಲಿಸ್ಕೊಳ್ಲಿ. ಇವನಿಗಿನ್ನೂ ನಡಿಯೋದಿದೆ." ಕಾಗದವನ್ನು ಮೂಗಿನವರೆಗೆ ಎತ್ತಿ ಗೆರೆ ಎಲ್ಲಿದೆ ಎಂದು ಹುಡುಕಿದ.

ವರ್ಲೀನ್ ಅವನ ಮಣಿಕಟ್ಟು ಹಿಡಿದಳು. "ಅಪ್ಪ, ಬೇಡ."

"ಕೈ ಬಿಡು."

"ನಾಳೆ ಆ ಹುಡುಗರು ಹೇಳ್ತಾರೆ. ಹೇಳೇ ಹೇಳ್ತಾರೆ."

"ಹೇಳದೇನೂ ಇರಬಹುದು. ನಮ್ಮ ಕಡೆ ಯಾರಾದ್ರೂ ಕಂಪನಿಯವರಿಗೆ ಬಾಯಿ ಬಿಟ್ಟಿದ್ದು ನೋಡಿದೀಯಾ? ಬಿಡು ಕೈ."

"ಬಿಡಮ್ಮ," ಮಂಚದಿಂದ ರೆನಾರ್ಡ್ ಅಂದ. ಅವನು ಮೊಣಕೈ ಊರಿ ಎದ್ದು ಕೂರಲು ನೋಡುತ್ತಿದ್ದ. "ಅವತ್ತು ನೀನು ಸಹಿ ಹಾಕ್ದೆ. ಇವತ್ತು ಅಜ್ಜ ಹಾಕ್ಲಿ."

ಯಂತ್ರದ ದೀಪ ಆರಿತ್ತು. ಡೆಲ್ಫಿನ್ ಅಡುಗೆಮನೆ ಬಾಗಿಲಲ್ಲಿ ಒದ್ದೆ ಕೈ ಹಿಡಿದು ನಿಂತಿದ್ದಳು. ವರ್ಲೀನ್ ಮಗನ ಕಡೆ ನೋಡಿದಳು, ಅಪ್ಪನ ಕಡೆ ನೋಡಿದಳು. ಮುದುಕನ ತೋಳಿನಲ್ಲಿ ಡಯಾಲಿಸಿಸ್ ಸೂಜಿ ಹಾಕುವ ಜಾಗದ ನರ ಹಗ್ಗದ ಹಾಗೆ ಎದ್ದು, ಅವಳ ಬೆರಳಿನಡಿ ಗುಂಯ್‌ಗುಡುತ್ತಿತ್ತು.

"ಅದನ್ನ ಹಾಕಿ," ಅವಳು ಯಂತ್ರ ತೋರಿಸಿ ಅಂದಳು.

ಮಿಸ್ ಟ್ಯಾಲ್ಬಟ್ ಹಾಕಿದಳು.

"ಓಡಿಸಿದ್ದು ನನ್ನ ಮಗ. ಓಡ್ಸು ಅಂದಿದ್ದು ನಾನು. ಎರಡನ್ನೂ ಬರ್ಕೊಳ್ಳಿ."

ಓಜೆಲ್ ಪೆನ್ನು ಕೆಳಗೆ ಬಿಟ್ಟ. ರೆನಾರ್ಡ್ ಗೋಡೆಯ ಕಡೆ ತಿರುಗಲು ಹೋದ. ಕಾಲು ತಿರುಗಲಿಲ್ಲ. ಮುಖಕ್ಕೆ ದಿಂಬು ಒತ್ತಿಕೊಂಡ.

ಕಂಪನಿಯಿಂದ ಕಾಗದ ಬಂತು. ಅದರಲ್ಲಿದ್ದದ್ದು ಎಲ್ಲರಿಗೂ ಗೊತ್ತಿದ್ದದ್ದೇ. ವ್ಯಾಯಾಮದವಳು ಬರುವುದು ನಿಂತಿತು. ಎರಡನೇ ಆಪರೇಷನ್ನಿಗೆ ಆಸ್ಪತ್ರೆಯವರು ಮುಂಗಡ ಕೇಳಿದರು, ವರ್ಲೀನ್ ಆ ಮೊತ್ತವನ್ನು ಇನ್ನೊಂದು ಸಲ ಹೇಳಿಸಿಕೊಂಡು ಫೋನು ಇಟ್ಟಳು. ಸಹಾಯಧನದ ಅರ್ಜಿ ಹಾಕಿದ್ದಳು, ಸರದಿ ಉದ್ದವಿತ್ತು. ಗುಜರಿಯವನು ಗಾಡಿ ಎಳೆದುಕೊಂಡು ಹೋದ. ಓಜೆಲ್ ವ್ಯಾನಿಗಾಗಿ ಬೆಳಗಿನಿಂದ ಕೋಟು ಹಾಕಿ ಕೂತಿರುತ್ತಿದ್ದ. ಅವನು ಮಗಳ ಜೊತೆ ಮಾತು ಬಿಟ್ಟಿದ್ದ. ಅವಳು ಮಾಡಿದ್ದನ್ನು ಮುಟ್ಟದೆ, ಡಬ್ಬಿಯ ಕಾರ್ನ್‌ಫ್ಲೇಕ್ಸ್ ಹಾಲಿಗೆ ಸುರಿದು ತಿನ್ನುತ್ತಿದ್ದ.

"ನಿನ್ನ ಕಿಡ್ನಿಗೆ ಹಾಲು ಜಾಸ್ತಿ ಆಗುತ್ತೆ," ಅವಳು ಅನ್ನುತ್ತಿದ್ದಳು.

ಅವನು ಡೆಲ್ಫಿನ್ ಕಡೆ ತಿರುಗಿ ಹವಾಮಾನ ಕೇಳುತ್ತಿದ್ದ.

ಕೆಲಸದಿಂದ ಬಂದ ಕೂಡಲೇ ವರ್ಲೀನ್ ಸಮವಸ್ತ್ರದಲ್ಲೇ ಮಗನ ಮಂಚ ಹತ್ತಿ ಕೂರುತ್ತಿದ್ದಳು. ವ್ಯಾಯಾಮದವಳು ಮಾಡುತ್ತಿದ್ದದ್ದನ್ನು ಬಾಗಿಲ ಸಂದಿಯಿಂದ ನೋಡಿದ್ದಳು. ಒಂದು ಕೈ ಮೊಣಕಾಲಿನಡಿ, ಇನ್ನೊಂದು ಹಿಮ್ಮಡಿಗೆ.

"ಮುಟ್ಬೇಡ ನನ್ನ," ರೆನಾರ್ಡ್ ಅನ್ನುತ್ತಿದ್ದ.

"ಮುಟ್ತೀನಿ."

"ನಿನ್ನಿಂದಾನೇ ಎಲ್ಲ."

"ಗೊತ್ತು. ಮಡಚು."

ಅವನು ಬೈಯುತ್ತಿದ್ದ. ಗೋದಾಮಿನಲ್ಲಿ ಗಂಡಸರು ಗಂಡಸರಿಗೆ ಬೈಯುವ ಬೈಗುಳ. ಅವಳು ಒತ್ತುತ್ತಿದ್ದಳು. ಅವನು ಅವಳ ಭುಜಕ್ಕೆ ಗುದ್ದಿದ ದಿನವೂ ಒತ್ತಿದಳು. ಡೆಲ್ಫಿನ್ ಪುಸ್ತಕ ಹಿಡಿದು ಬಂದು, ಅಷ್ಟು ಒತ್ತಬಾರದು, ಹೀಗಲ್ಲ, ಹಾಗೆ ಎಂದು ಹೇಳಿದಳು. ಸರಿಯಾಗಿ ಹೇಗೆ ಎಂದು ಅವಳ ಪುಸ್ತಕದಲ್ಲಿ ಇನ್ನೂ ಬಂದಿರಲಿಲ್ಲ.

ಏಪ್ರಿಲ್‌ನಲ್ಲೊಂದು ಸಂಜೆ ಅವನು ಸೊಂಟವೆತ್ತಿ ಹೊರಳಾಡಿ ಅವಳನ್ನು ಮಂಚದಿಂದ ಕೆಡವಿದ. ಅವಳು ನೆಲದಲ್ಲಿ ಕೂತು ಉಸಿರು ತೆಗೆದುಕೊಂಡಳು. ಪಕ್ಕದ ಕೋಣೆಯಿಂದ ಊರುಗೋಲಿನ ಸದ್ದು. ಓಜೆಲ್ ಬಂದು ಬಾಗಿಲಲ್ಲಿ ನಿಂತ. ನಿಲ್ಲಿಸು ಅನ್ನುತ್ತಾನೆ ಎಂದುಕೊಂಡು ವರ್ಲೀನ್ ತಲೆಯೆತ್ತಲಿಲ್ಲ. ಅವನು ಮಂಚದ ತಲೆಗಟ್ಟಿನವರೆಗೆ ತಡವರಿಸಿಕೊಂಡು ಬಂದು, ಕೋಲು ಒರಗಿಸಿ, ಮೊಮ್ಮಗನ ಎರಡೂ ಭುಜಗಳ ಮೇಲೆ ತನ್ನ ಭಾರವನ್ನೆಲ್ಲ ಹಾಕಿದ.

"ಹಿಡ್ಕೊಂಡಿದೀನಿ," ಅಂದ. ಮಾರ್ಚಿನಿಂದ ಅವಳಿಗೆ ಆಡಿದ ಮೊದಲ ಮಾತು ಅದು. "ಮಡಚು."

ಅವಳು ಎದ್ದು ಮಂಚ ಹತ್ತಿ ಮೊಣಕಾಲು ಹಿಡಿದು ಒತ್ತಿದಳು. ರೆನಾರ್ಡ್‌ನ ಕೂಗಿಗೆ ಖಾಲಿ ಜಾಗದಾಚೆಯ ಮನೆ ಮುದುಕಿ ಕಿಟಕಿ ತೆರೆದಳು. ಕಾಲು ನಿನ್ನೆ ಎಲ್ಲಿಯವರೆಗೆ ಹೋಗಿತ್ತೋ ಅಲ್ಲಿಯವರೆಗೆ ಹೋಯಿತು.

"ಇನ್ನೂ ಸ್ವಲ್ಪ," ಓಜೆಲ್ ಅಂದ. ಅವನಿಗೆ ಅಷ್ಟು ದೂರ ಕಾಣುತ್ತಿರಲಿಲ್ಲ. "ಹೋಯ್ತಾ?"

ವರ್ಲೀನ್ ತನ್ನ ಎದೆಯನ್ನೇ ಅದರ ಮೇಲೆ ಹೇರಿದಳು. ಅದು ಹೋಗಲಿಲ್ಲ.

"ಹೋಯ್ತು," ಅಂದಳು.